ಅಂಗಳದ ತುದಿಯಿಂದ ಕಂಡ ಚರಿತ್ರೆ



ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮಣಿಪಾಲದ ಒಂದು ಸಭಾಭವನದಲ್ಲಿ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಎಂಬ ಕಾರ್ಯಕ್ರಮ ನಡೆಯಿತು. ನನ್ನನ್ನೂ ಕರೆದಿದ್ದರು. ಊಟಕ್ಕೆ ಕೂತರೆ ಎಲೆಯ ತುಂಬ ಪತ್ರೊಡೆ, ತಜಂಕು ಸೊಪ್ಪಿನ ಪಲ್ಯ, ಕಣಿಲೆ, ಹಲಸಿನ ಬೀಜದ ಚಟ್ನಿ, ಕೆಸುವಿನ ದಂಟಿನ ಸಾರು, ತಿಮರೆ ಚಟ್ನಿ, ಕುಚ್ಚಲಕ್ಕಿ ಗಂಜಿ. ನನ್ನ ಪಕ್ಕದಲ್ಲಿ ಕಾಪು ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಎಂಬತ್ತು ದಾಟಿದವರು, ಮೊಮ್ಮಗಳ ಜತೆ ಬಂದವರು. ಎಲೆಯಲ್ಲಿದ್ದದ್ದನ್ನೆಲ್ಲ ತಿಂದರು, ತಜಂಕನ್ನು ಮಾತ್ರ ಮೂಲೆಗೆ ಸರಿಸಿದರು. "ಯಾಕಮ್ಮ, ಕಹಿಯೇ?" ಎಂದೆ. "ಅಲ್ಲ ಮಾಷ್ಟ್ರೇ, ಒಂದು ಆಟಿಯಲ್ಲಿ ಇಪ್ಪತ್ತು ದಿನ ಇದನ್ನೇ ಬೇಯಿಸಿ ತಿಂದಿದ್ದೇವೆ. ಮನೆಯಲ್ಲಿ ಅಕ್ಕಿ ಇರಲಿಲ್ಲ. ಆಮೇಲೆ ಇದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ" ಎಂದರು. ಅದೇ ಹೊತ್ತಿಗೆ ವೇದಿಕೆಯಲ್ಲಿ ಒಬ್ಬರು ನಮ್ಮ ಹಿರಿಯರ ಊಟ, ಹಿರಿಯರ ಆರೋಗ್ಯ, ಹಿರಿಯರ ಒಗ್ಗಟ್ಟು ಎಲ್ಲ ಎಲ್ಲಿಗೆ ಹೋಯಿತು ಎಂದು ಮರುಗುತ್ತಿದ್ದರು.

ಆ ವೇದಿಕೆಗೂ ಈ ಎಲೆಯ ಮೂಲೆಗೂ ಇರುವ ದೂರದ ಬಗ್ಗೆಯೇ ನಾನಿವತ್ತು ಮಾತಾಡಬೇಕೆಂದಿದ್ದೇನೆ. ಈ ಕಾಲೇಜಿನ ದತ್ತಿ ಉಪನ್ಯಾಸಕ್ಕೆ ಸಂಘಟಕರು ಕೊಟ್ಟ ವಿಷಯ ದೊಡ್ಡದು: ಚರಿತ್ರೆಯುದ್ದಕ್ಕೂ ನಮ್ಮ ಸಮಾಜ ಸುಧಾರಿಸುತ್ತ ಬಂದಿದೆಯೇ, ಕೆಡುತ್ತ ಬಂದಿದೆಯೇ? ದೇಶದ ಲೆಕ್ಕವನ್ನು ನಾನು ಉಡುಪಿ, ಕಾಪು, ಕಾರ್ಕಳಗಳ ಗದ್ದೆ ಬೈಲುಗಳಲ್ಲಿ ಹಾಕುತ್ತೇನೆ. ನನಗೆ ಗೊತ್ತಿರುವ ದೇಶ ಅಲ್ಲಿಯೇ ಇದೆ.

ಪ್ರಶ್ನೆ ಹೊಸದಲ್ಲ. ಕೃತಯುಗದಿಂದ ಕಲಿಯುಗದವರೆಗೆ ಧರ್ಮ ಒಂದೊಂದೇ ಕಾಲು ಕಳೆದುಕೊಂಡಿತೆಂದು ನಮ್ಮ ಪುರಾಣ ಹೇಳುತ್ತದೆ. 1750ರಲ್ಲಿ ಫ್ರಾನ್ಸಿನ ದಿಜೋನ್ ನಗರದ ಅಕಾಡೆಮಿ ಇಂಥದೇ ಪ್ರಶ್ನೆಗೆ ಬಹುಮಾನ ಕೊಟ್ಟಿತು. ವಿದ್ಯೆ, ಕಲೆಗಳು ಬೆಳೆದು ಜನರ ನಡತೆ ಹಸನಾಯಿತೇ ಎಂದು ಕೇಳಿದ್ದಕ್ಕೆ ಇಲ್ಲ, ಕೆಟ್ಟಿತು ಎಂದು ಬರೆದ ರೂಸೋ ಗೆದ್ದ. ನಲವತ್ತನಾಲ್ಕು ವರ್ಷಗಳ ಮೇಲೆ ಅದೇ ದೇಶದ ಕಾಂಡೋರ್ಸೆ, ಮನುಷ್ಯನ ಏಳಿಗೆಗೆ ಮಿತಿಯೇ ಇಲ್ಲವೆಂದು ಬರೆದಿಟ್ಟು ಸೆರೆಮನೆಯಲ್ಲಿ ಸತ್ತ. ಪುಸ್ತಕ ಬರೆಯುವಾಗ ಅವನು ಪ್ರಾಣಭಯದಿಂದ ತಲೆಮರೆಸಿಕೊಂಡಿದ್ದ. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಇಬ್ಬರೂ ಸಮಾಜವನ್ನು ಒಬ್ಬ ಮನುಷ್ಯನೋ ಎಂಬಂತೆ ನೋಡಿದರು. ಬೆಳೆದರೆ ಪೂರ್ತಿ ಬೆಳೆಯುತ್ತಾನೆ, ಕೆಟ್ಟರೆ ಪೂರ್ತಿ ಕೆಡುತ್ತಾನೆ. ನಾನು ಹುಟ್ಟಿದ ಊರು ಹಾಗಿರಲಿಲ್ಲ.

ಕಾರ್ಕಳದ ಬಳಿಯ ನಮ್ಮ ಮನೆಗೆ ಚಾವಡಿ ಇತ್ತು, ಜಗಲಿ ಇತ್ತು, ಮುಂದೆ ಸೆಗಣಿ ಸಾರಿಸಿದ ಅಂಗಳ ಇತ್ತು. ಅಂಗಳದ ತುದಿಯಲ್ಲಿ ಚಪ್ಪರದ ಒಂದು ಅಡಿಕೆ ಕಂಬ. ಅದರ ಸಂದಿಯಲ್ಲಿ ಒಂದು ಗೆರಟೆ. ಹೊರಮೈಯ ನಾರನ್ನೆಲ್ಲ ಗಾಜಿನ ಚೂರಿನಿಂದ ಕೆರೆದು ನಯ ಮಾಡಿದ್ದ ತೆಂಗಿನ ಚಿಪ್ಪು. ವರ್ಷಗಟ್ಟಲೆ ಕೈಯಾಡಿ ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಗದ್ದೆಯ ಕೆಲಸಕ್ಕೆ ಬರುತ್ತಿದ್ದವರೊಬ್ಬರ ಗೆರಟೆ ಅದು. ಮಧ್ಯಾಹ್ನ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅಜ್ಜಿ ಒಂದು ಮೊಳ ಎತ್ತರದಿಂದ ನೀರು ಹೊಯ್ಯುತ್ತಿದ್ದರು. ಸಿಡಿದ ನೀರು ಅವರ ಎದೆಯ ಮೇಲೆ ಇಳಿಯುತ್ತಿತ್ತು. ಬೆಲ್ಲದ ತುಂಡನ್ನು ನಾನು ನೆಲದ ಮೇಲಿಟ್ಟು ಹಿಂದೆ ಸರಿಯಬೇಕು. ನನಗಾಗ ಏಳೆಂಟು ವರ್ಷ. ಅಜ್ಜಿ ಕೆಟ್ಟವರಾಗಿರಲಿಲ್ಲ, ಆ ಮನುಷ್ಯನಿಗೆ ಜ್ವರ ಬಂದರೆ ಕಷಾಯ ಕಾಯಿಸಿ ಕೊಡುತ್ತಿದ್ದರು. ಆ ಕಷಾಯವನ್ನು ಹೊಯ್ಯುತ್ತಿದ್ದದ್ದೂ ಒಂದು ಮೊಳ ಎತ್ತರದಿಂದಲೇ.

'ಆಗಿನ ಕಾಲ ಚೆನ್ನಾಗಿತ್ತು' ಎಂದು ಯಾರಾದರೂ ಹೇಳಿದರೆ ನನ್ನ ಕಣ್ಣು ಮೊದಲು ಆ ಕಂಬದ ಸಂದಿಗೆ ಹೋಗುತ್ತದೆ. ಚಾವಡಿಯಲ್ಲಿ ಕೂತು ಅಳೆದರೆ ಒಂದು ಲೆಕ್ಕ, ಅಂಗಳದ ತುದಿಯಲ್ಲಿ ನಿಂತು ಅಳೆದರೆ ಇನ್ನೊಂದು. ನಾನು ಎರಡನೆಯದನ್ನು ಹಿಡಿಯುತ್ತೇನೆ.

ಕಾರ್ಕಳದ ಬೆಟ್ಟಕ್ಕೆ ಬನ್ನಿ. ಅಲ್ಲಿನ ನಲವತ್ತೆರಡು ಅಡಿಯ ಗೊಮ್ಮಟನನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ಒಂದೇ ಕಲ್ಲಿನ ಮೂರ್ತಿಯನ್ನು ಬೇರೆಡೆ ಕಡೆದು, ಬಂಡಿಯ ಮೇಲೆ ಹೇರಿ, ಗುಡ್ಡದ ತಲೆಗೆ ಎಳೆದ ಬಗೆಯನ್ನು ಚಂದ್ರಮ ಕವಿ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯಲ್ಲಿ ವರ್ಣಿಸಿದ್ದಾನೆ. ಅಂಥ ಕೈಗಳು ಈಗೆಲ್ಲಿ ಎಂದು ಕೇಳುವವರಿದ್ದಾರೆ. ಉತ್ತರ ಅದೇ ಊರಿನಲ್ಲಿದೆ. ಧರ್ಮಸ್ಥಳದ ಮೂವತ್ತೊಂಬತ್ತು ಅಡಿಯ ಬಾಹುಬಲಿಯನ್ನು ಕಡೆದವರು ಕಾರ್ಕಳದ ರೆಂಜಾಳ ಗೋಪಾಲ ಶೆಣೈ. ಎಪ್ಪತ್ತರ ವಯಸ್ಸಿನಲ್ಲಿ ಉಳಿ ಹಿಡಿದು ನಮ್ಮ ಕಣ್ಣೆದುರೇ ಆ ಕೆಲಸ ಮಾಡಿದರು. 1973ರಲ್ಲಿ ಮೂರ್ತಿ ಧರ್ಮಸ್ಥಳಕ್ಕೆ ಹೊರಟಾಗ ನಾನು ಹೈಸ್ಕೂಲು ಹುಡುಗ, ರಸ್ತೆ ಬದಿಯಲ್ಲಿ ನಿಂತು ನೋಡಿದವನು. ಅದನ್ನು ಎಳೆದದ್ದು ಯಂತ್ರಗಳು. 1432ರಲ್ಲಿ ಎಳೆದದ್ದು ಹೆಗಲುಗಳು. ಆ ಹೆಗಲುಗಳು ಯಾರವು ಎಂದು ಶಾಸನ ಹೇಳುವುದಿಲ್ಲ.

ಸುಮಾರು ಮುನ್ನೂರೆಪ್ಪತ್ತು ವರ್ಷಗಳ ಮೇಲೆ, 1801ರ ಆರಂಭದಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದ. ಗೊಮ್ಮಟನನ್ನು ನೋಡಿದ, ಉಡುಪಿಯ ಮಠಗಳ ಬಗ್ಗೆ ವಿಚಾರಿಸಿದ, ಬೆಳೆ, ತೆರಿಗೆ, ಜಾತಿಗಳ ವಿವರವನ್ನೆಲ್ಲ ಬರೆದುಕೊಂಡ. ಗದ್ದೆಯಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆಯೂ ಬರೆದ. ಭೂಮಿಯ ಜತೆಗೇ ಕೈ ಬದಲಾಗುತ್ತಿದ್ದ 'ಮೂಲದ ಆಳು'ಗಳು ಅವರು. ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ, ಅದು ಶಿಕ್ಷಾರ್ಹ ಅಪರಾಧವಾದದ್ದು 1860ರ ದಂಡ ಸಂಹಿತೆಯಲ್ಲಿ. ಕಾಗದದಲ್ಲಿ ಹಗ್ಗ ಬಿಚ್ಚಿತು. ಸಾಲದ ಹಗ್ಗ, ಮನೆ ಕಟ್ಟಿಕೊಂಡ ಜಾಗ ಧನಿಗಳದ್ದು ಎಂಬ ಹಗ್ಗ ಬಿಚ್ಚಲಿಲ್ಲ. ನಮ್ಮ ಅಂಗಳದ ಗೆರಟೆ ಆ ಹಗ್ಗದ ಇನ್ನೊಂದು ತುದಿ.

ಈಗ ನನ್ನ ಮನೆಯ ಕತೆಯನ್ನೇ ಹೇಳಬೇಕು.

1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರು ಮುಖ್ಯಮಂತ್ರಿ. ಗೇಣಿಗೆ ಕೊಟ್ಟ ಭೂಮಿ ಅಂದಿನಿಂದ ಸರಕಾರದ್ದು. ಉಳುತ್ತಿದ್ದ ಒಕ್ಕಲು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಕೊಡುವುದು' ಎಂದೇ ಹೆಸರು. ತಾಲೂಕಿಗೆ ಒಂದೊಂದು ಭೂ ನ್ಯಾಯಮಂಡಳಿ. ಮೊದಲಿಗೆ ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಹಾಗಾಗಿ ಅದುವರೆಗೆ ಧನಿಗಳ ಎದುರು ಮುಂಡಾಸು ಬಿಚ್ಚಿ ನಿಲ್ಲುತ್ತಿದ್ದ ಒಕ್ಕಲು, ಈ ಗದ್ದೆ ನಾನು ಉತ್ತದ್ದು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆದದ್ದು ಎಂದು ತಾನೇ ಬಾಯಿಬಿಟ್ಟು ಹೇಳಬೇಕಾಯಿತು. ಆ ಮಾತು ಆಡುವುದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂದು ಈಗಿನವರಿಗೆ ಗೊತ್ತಾಗುವುದು ಕಷ್ಟ. ಡಿಕ್ಲರೇಶನ್ ಕೊಡಲು ಅಂಜಿ ಭೂಮಿ ಬಿಟ್ಟವರೂ ಇದ್ದರು.

ನಮ್ಮದು ದೊಡ್ಡ ಗುತ್ತಿನ ಮನೆಯಲ್ಲ. ಮೂರು ಒಕ್ಕಲುಗಳ ಗೇಣಿ ಅಕ್ಕಿಯಲ್ಲಿ ವರ್ಷ ಸಾಗಿಸುತ್ತಿದ್ದ ಮನೆ. ಮೂರು ಒಕ್ಕಲುಗಳೂ ಡಿಕ್ಲರೇಶನ್ ಕೊಟ್ಟರು, ಮೂರೂ ಅವರ ಪರವಾಗಿ ಆಯಿತು. ತೀರ್ಪಿನ ಸುದ್ದಿ ಬಂದ ಸಂಜೆ ಅಜ್ಜಿ ಒಲೆಯ ಮುಂದೆ ಕೂತು ಅತ್ತರು. "ಕಾಲ ಕೆಟ್ಟಿತು, ಅನ್ನ ಕೊಟ್ಟ ಮನೆಯನ್ನೇ ತಿಂದರು" ಎಂದರು. ಅವರ ಅಳು ಸುಳ್ಳಲ್ಲ. ಗೇಣಿಯನ್ನೇ ನಂಬಿದ್ದ ಎಷ್ಟೋ ವಿಧವೆಯರ ಮನೆಯಲ್ಲಿ ಆ ವರ್ಷಗಳಲ್ಲಿ ನಿಜವಾದ ಕಷ್ಟ ಬಂತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅದೇ ಸಂಜೆ ನಾನು ಗದ್ದೆಯಂಚಿನ ಇನ್ನೊಂದು ಮನೆಗೂ ಹೋದೆ. ಒಕ್ಕಲಿನ ಮಗ ನನ್ನ ಸಹಪಾಠಿ. ಅವನ ತಾಯಿ ಪಾಯಸ ಮಾಡಿದ್ದರು. ನನ್ನನ್ನು ಕಂಡು ಅವರ ಕೈ ನಡುಗಿತು. ಕೊಡಬೇಕೋ ಬೇಡವೋ ಎಂದು ಅರೆಗಳಿಗೆ ನಿಂತರು. ನಾನು ಲೋಟಕ್ಕೆ ಕೈಚಾಚಿದೆ. ಕುಡಿದೆ. ಮನೆಗೆ ಬಂದು ಹೇಳಲಿಲ್ಲ.

ಒಂದೇ ಆದೇಶ, ಒಂದೇ ಸಂಜೆ, ಒಂದು ಮನೆಯಲ್ಲಿ ಕಲಿಯುಗ, ಇನ್ನೊಂದು ಮನೆಯಲ್ಲಿ ಹಬ್ಬ. ಸಮಾಜ ಸುಧಾರಿಸಿತೇ ಎಂದು ಯಾರನ್ನು ಕೇಳುತ್ತೀರಿ? ನಷ್ಟ ಆದದ್ದು ನನ್ನ ಮನೆಗೆ. ಆದರೂ ಹೇಳುತ್ತೇನೆ, ಸುಧಾರಿಸಿತು. ನಮ್ಮ ಮನೆ ಕಳೆದುಕೊಂಡದ್ದು ಕೂತು ಉಣ್ಣುವ ಹಕ್ಕನ್ನು. ಆ ಮನೆ ಪಡೆದದ್ದು ಎದ್ದು ನಿಲ್ಲುವ ಹಕ್ಕನ್ನು. ಆ ಸಹಪಾಠಿ ಮುಂದೆ ಮುಂಬಯಿಗೆ ಹೋದ, ತಂಗಿಯರನ್ನು ಓದಿಸಿದ. ಒಬ್ಬಳು ಶಾಲಾ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು.

ಮರುದಿನ ಬೆಳಿಗ್ಗೆ ಇನ್ನೊಂದು ಪ್ರಶ್ನೆ ಬಂತು. ಗೆರಟೆಯವರು ಎಂದಿನಂತೆ ನಮ್ಮ ಅಂಗಳದ ತುದಿಗೆ ಬಂದು ನಿಂತರು. ಅಪ್ಪನ ಹತ್ತಿರ ಕೇಳಿದರು: "ಇನ್ನು ಮೇಲೆ ನಾನು ಯಾರ ಗದ್ದೆಗೆ ಬರಬೇಕು?"

ಅಪ್ಪನ ಬಳಿ ಉತ್ತರವಿರಲಿಲ್ಲ. ಕಾಯ್ದೆಯ ಬಳಿಯೂ ಇರಲಿಲ್ಲ. ಅದು ಗೇಣಿದಾರನಿಗೆ ಭೂಮಿ ಕೊಟ್ಟಿತು. ಅವರು ಗೇಣಿದಾರ ಆಗಿರಲೇ ಇಲ್ಲ. ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು 1933ರಲ್ಲಿ ಬರೆದರು. ಸ್ವಂತ ಬೇಸಾಯ ಮಾಡಬೇಕೆಂದು ಹಂಬಲಿಸಿದ ಹೊಲೆಯನೊಬ್ಬನ ಕತೆ. ಬಿ.ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದ್ದು 1975ರಲ್ಲಿ, ನಮ್ಮ ನ್ಯಾಯಮಂಡಳಿಗಳು ಅರ್ಜಿ ನೋಡುತ್ತಿದ್ದ ದಿನಗಳಲ್ಲಿಯೇ. ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಆದರೆ ಚೋಮ ಆಗ ಬದುಕಿದ್ದು ಕಾರ್ಕಳದ ತಾಲೂಕು ಕಚೇರಿಗೆ ಹೋಗಿದ್ದರೆ, 7ನೇ ನಮೂನೆಯಲ್ಲಿ ಅವನು ತುಂಬುವ ಕಾಲಮೇ ಇರಲಿಲ್ಲ. ಎಷ್ಟು ಮುಡಿ ಗೇಣಿ ಕೊಡುತ್ತಿದ್ದೆ ಎಂದು ಕೇಳಿದರೆ ಏನು ಹೇಳಬೇಕಿತ್ತು? ದಲಿತರಿಗೆಂದು ಬ್ರಿಟಿಷರ ಕಾಲದಲ್ಲಿಯೇ ಮೀಸಲಿಟ್ಟ 'ಡಿ.ಸಿ. ಮನ್ನಾ' ಭೂಮಿಯನ್ನು ಹಂಚಿ ಎಂದು ಇಂದಿಗೂ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರುವವರು ಚೋಮನ ಮೊಮ್ಮಕ್ಕಳು.

ಕಾಪುವಿನ ಕಡೆ ತಿರುಗೋಣ. ಅಲ್ಲಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳಲ್ಲಿ. ಮಾರಿ ಎಂದರೆ ಊರನ್ನು ಬರಿದು ಮಾಡುತ್ತಿದ್ದ ಬೇನೆಗಳ ದೇವತೆ. ನನ್ನ ತೋಳಿನ ಮೇಲೆ ಎರಡು ಉರುಟು ಗುರುತುಗಳಿವೆ. ಆ ಬೇನೆಗಳಲ್ಲೊಂದಾದ ಸಿಡುಬಿಗೆ ಶಾಲೆಗೆ ಬಂದು ದಾಕು ಹಾಕಿದವರು ಕೊಟ್ಟದ್ದು. ಇಲ್ಲಿ ಕೂತಿರುವ ವಿದ್ಯಾರ್ಥಿಗಳ ತೋಳಿನಲ್ಲಿ ಆ ಗುರುತು ಇಲ್ಲ, ಏಕೆಂದರೆ ಭಾರತದಲ್ಲಿ ಸಿಡುಬು 1975ರಲ್ಲಿ ನಿಂತಿತು, 1977ರಲ್ಲಿ ದೇಶ ಸಿಡುಬು ಮುಕ್ತವೆಂದು ಸಾರಿದರು. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಷ್ಯ ಮೂವತ್ತೆರಡು ವರ್ಷದ ಆಸುಪಾಸು. ಈಗ ಎಪ್ಪತ್ತರ ಸನಿಹ. ಕೆಟ್ಟ ಕಾಲ ಎನ್ನುವವರು ಈ ಎರಡು ಅಂಕಿಗಳ ನಡುವೆ ಬದುಕಿ ಉಳಿದ ಮಕ್ಕಳನ್ನು ಎಣಿಸಲಿ.

ಅಕ್ಷರದ ಕತೆಯೂ ಹಾಗೆಯೇ. 1951ರಲ್ಲಿ ದೇಶದ ನೂರು ಹೆಂಗಸರಲ್ಲಿ ಓದು ಬಲ್ಲವರು ಒಂಬತ್ತು ಮಂದಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಒಟ್ಟು ಸಾಕ್ಷರತೆ ಶೇ. 86 ದಾಟಿತ್ತು. ಅಕ್ಷರದ ಜತೆಗೇ ಉಳಿತಾಯವೂ ಬಂತು, ಅದರ ಹಿಂದೆ ಕೆಲವರ ಹೆಸರಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಬ್ಯಾಂಕು ಕಟ್ಟಿದರು, ಮುಂದೆ ಅದೇ ಕಾರ್ಪೊರೇಶನ್ ಬ್ಯಾಂಕ್. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಇನ್ನೊಂದನ್ನು ಕಟ್ಟಿದರು, ಅದು ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಿಂದ ಅವರ ಪಿಗ್ಮಿ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಪಡೆದು ಬರೆದುಕೊಂಡರು. ಎರಡಾಣೆ ಉಳಿಸಬಲ್ಲವನೂ ಬ್ಯಾಂಕಿನ ಗಿರಾಕಿ ಎಂದು ಆಗ ಯೋಚಿಸಿದವರು ಅಪರೂಪ. ಎರಡು ಬ್ಯಾಂಕುಗಳ ಹೆಸರೂ 2020ರ ಏಪ್ರಿಲ್ 1ರ ವಿಲೀನದಲ್ಲಿ ಅಳಿದುಹೋಯಿತು. ಬೇಸರವಾಗುತ್ತದೆ, ಆದರೆ ಅವರು ಮಾಡಿದ ಕೆಲಸ ಅಳಿದಿಲ್ಲ. ಮಣಿಪಾಲದ ಬೋಳುಗುಡ್ಡದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು ಡಾ. ಪೈಗಳ ಅದೇ ಛಲ. ಶಿಕ್ಷಣಕ್ಕೆ ದೊಡ್ಡ ಬೆಲೆ ಕಟ್ಟುವ ದಾರಿಯೂ ಅಲ್ಲಿಂದಲೇ ತೆರೆಯಿತು ಎಂಬ ಮಾತನ್ನೂ ನಾನು ಒಪ್ಪುತ್ತೇನೆ. ಆದರೆ ಆ ಗುಡ್ಡದ ಆಸ್ಪತ್ರೆಯಲ್ಲಿ ಬದುಕಿಕೊಂಡ ಒಬ್ಬರಾದರೂ ಇಲ್ಲದ ಮನೆ ಈ ಜಿಲ್ಲೆಯಲ್ಲಿ ಹುಡುಕಬೇಕು.

ಉಡುಪಿಗೆ ಬಂದರೆ ಒಂದು ಸಣ್ಣ ಸಂಗತಿಯ ಮುಂದೆ ನಾನು ನಿಲ್ಲುತ್ತೇನೆ. 1968ರಲ್ಲಿ ಡಾ. ವಿ.ಎಸ್. ಆಚಾರ್ಯರು ಪುರಸಭೆಯ ಅಧ್ಯಕ್ಷರಾದರು. ಮನುಷ್ಯರು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಅವರ ಕಾಲದ ಪುರಸಭೆ ನಿಲ್ಲಿಸಿತು. ದೇಶಕ್ಕೆ ಅದನ್ನು ನಿಷೇಧಿಸುವ ಕಾನೂನು ಬಂದದ್ದು 1993ರಲ್ಲಿ. ಅವರ ಪಕ್ಷದ ಬಗ್ಗೆ ನನಗೂ ನಿಮಗೂ ಬೇರೆ ಬೇರೆ ಅಭಿಪ್ರಾಯ ಇರಬಹುದು. ಕಾಲು ಶತಮಾನ ಮೊದಲೇ ಒಂದು ತಲೆಯಿಂದ ಆ ಬುಟ್ಟಿ ಇಳಿಯಿತು ಎಂಬುದರಲ್ಲಿ ಎರಡು ಮಾತಿಲ್ಲ.

ಇಷ್ಟನ್ನು ಹೇಳಿದ ಮೇಲೆ, ಕೆಟ್ಟದ್ದನ್ನೂ ಹೇಳದೆ ಕೂತರೆ ನಾನು ದತ್ತಿ ಇಟ್ಟವರಿಗೆ ಮೋಸ ಮಾಡಿದಂತೆ.

ಮೊದಲನೆಯದು ಗದ್ದೆ. ಹೋರಾಡಿ ಪಡೆದ ಭೂಮಿ ಇಂದು ಉಳುಮೆಯಿಲ್ಲದೆ ಹಡಿಲು ಬಿದ್ದಿದೆ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ; ಗದ್ದೆಯಲ್ಲಿ ಹುಲ್ಲು, ಬಾವಿಯಲ್ಲಿ ಏಪ್ರಿಲಿಗೇ ತಳ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿಯ ಆಂದೋಲನ ನಡೆದು ಸಾವಿರಾರು ಜನ ಕೆಸರಿಗಿಳಿದಾಗ ನಾನೂ ನೇಜಿ (ಭತ್ತದ ಸಸಿ) ಹಿಡಿದೆ. ಸಂತೋಷವಾಯಿತು. ವರ್ಷ ವರ್ಷ ಹಾಗೆ ಇಳಿಯುವವರು ಬೇಕು.

ಎರಡನೆಯದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ನಮ್ಮ ಕಡಲಂಚಿನ ಮೊಗವೀರರು ಪೂಜಿಸುವ ಬೊಬ್ಬರ್ಯನ ತಂದೆ ಮುಸ್ಲಿಂ ವರ್ತಕ ಎಂದು ತುಳುವಿನ ಜನಪದ ಹಾಡಾದ ಪಾಡ್ದನ ಹೇಳುತ್ತದೆ. ಕಾಪುವಿನ ನೆರೆಯ ಮೂಲ್ಕಿಯಲ್ಲಿ ಬಪ್ಪನಾಡಿನ ದುರ್ಗೆಗೆ ಗುಡಿ ಕಟ್ಟಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂದು ಐತಿಹ್ಯ. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಎಲ್ಲ ಜಾತಿ ಮತದವರೂ ಹರಕೆ ಹೊತ್ತು ಹೋಗುತ್ತೇವೆ. 2017ರ ರಂಜಾನ್ ತಿಂಗಳಲ್ಲಿ ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳು ಉಡುಪಿಯ ಮಠದಲ್ಲಿ ಮುಸ್ಲಿಮರಿಗೆ ಇಫ್ತಾರ್ ಊಟ ಹಾಕಿಸಿದರು. ಇಂಥ ನೆಲದಲ್ಲಿ, 2021ರ ಕೊನೆಗೆ ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಕಾಲೇಜಿನ ಬಾಗಿಲಲ್ಲಿ ಹಿಜಾಬಿನ ವಿವಾದ ಎದ್ದಿತು. ಕೆಲವೇ ವಾರಗಳಲ್ಲಿ ಒಂದೇ ತರಗತಿಯ ಮಕ್ಕಳು ಶಾಲು ಹೊದ್ದು ಎದುರುಬದುರಾಗಿ ಕೂಗುವಲ್ಲಿಗೆ ಬಂದಿತು. 2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲವಾಯಿತು. ಕಾನೂನಿನ ವಾದಗಳನ್ನು ನಾನು ಇಲ್ಲಿ ಬಿಚ್ಚುವುದಿಲ್ಲ. ಹೆಣ್ಣುಮಗಳೊಬ್ಬಳು ಪಾಠ ಬಿಟ್ಟು ಗೇಟಿನ ಹೊರಗೆ ನಿಂತರೆ, ಬಳೆ ಮಾರುವವನು ತಲೆಮಾರುಗಳಿಂದ ಬರುತ್ತಿದ್ದ ಜಾತ್ರೆಯ ಹೊರಗೆ ನಿಂತರೆ, ನಾವು ಹೊಸದಾಗಿ ಒಂದು ಅಂಗಳದ ತುದಿಯನ್ನು ಗೆರೆ ಎಳೆದು ಮಾಡಿದಂತೆ. ಹಳೆಯ ಗೆರೆಯನ್ನು ನಮ್ಮ ಅಜ್ಜಂದಿರು ಎಳೆದದ್ದು. ಇದನ್ನು ಎಳೆದವರು ನಾವು, ಓದಿದವರು.

ಹಾಗಾದರೆ ನನ್ನ ತೀರ್ಮಾನವೇನು? ಸಾವಿರ ವರ್ಷದ ಲೆಕ್ಕದಲ್ಲಿ ಈ ಸಮಾಜ ಖಂಡಿತ ಸುಧಾರಿಸಿದೆ. ಅದು ಕಾಲ ಮಾಡಿದ ಕೆಲಸವಲ್ಲ. 1843ರ ಕಾನೂನಿನ ಹಿಂದೆ, ಎರಡಾಣೆಯ ಹಿಂದೆ, 7ನೇ ನಮೂನೆಯ ಹಿಂದೆ, ಇಳಿದ ಬುಟ್ಟಿಯ ಹಿಂದೆ ಯಾರೋ ಕೇಳಿದ್ದಾರೆ, ಯಾರೋ ಬಿಟ್ಟುಕೊಟ್ಟಿದ್ದಾರೆ. ಕೇಳುವವರು ಸುಮ್ಮನಾದ ಕಡೆ, ಬಿಡಬೇಕಾದವರು ಬಿಗಿ ಹಿಡಿದ ಕಡೆ ನಾವು ಹಿಂದಕ್ಕೂ ಹೋಗಿದ್ದೇವೆ, ನಿಂತಲ್ಲೇ ನಿಂತೂ ಇದ್ದೇವೆ.

ನಿಂತಲ್ಲೇ ನಿಂತದ್ದಕ್ಕೆ ಒಂದೇ ಉದಾಹರಣೆ ಸಾಕು. ಕೊರಗ ಸಮುದಾಯದವರನ್ನು ಮನುಷ್ಯರಿಗಿಂತ ಕಡೆಯಾಗಿ ನಡೆಸಿಕೊಳ್ಳುವ ಪದ್ಧತಿಗೆ ನಮ್ಮಲ್ಲಿ 'ಅಜಲು' ಎಂದು ಹೆಸರು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ರೋಗ ಕಳೆಯಿತೆಂದು ನಂಬುವುದು, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವುದು. ಇದನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದು ಐವತ್ತು ವರ್ಷಗಳಾದ ಮೇಲೆ. ಆ ಹೊತ್ತಿಗೆ ನಾನು ಹತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದ್ದೆ. ಹರಪ್ಪ, ಅಶೋಕ, ಅಕ್ಬರ್, ಫ್ರಾನ್ಸಿನ ಕ್ರಾಂತಿ ಎಲ್ಲ ಹೇಳಿದ್ದೆ. ಅಜಲು ಎಂಬ ಶಬ್ದ ನನ್ನ ಪಾಠದ ಟಿಪ್ಪಣಿಯಲ್ಲಿ ಒಂದು ಕಡೆಯೂ ಇರಲಿಲ್ಲ. ಈ ನಾಚಿಕೆ ನನ್ನೊಂದಿಗೇ ಇದೆ, ಅದನ್ನು ತುಂಬಿದ ಸಭೆಯಲ್ಲಿ ಹೇಳಬೇಕೆಂದೇ ಈ ಆಹ್ವಾನವನ್ನು ಒಪ್ಪಿಕೊಂಡೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಇವತ್ತು ಮನೆಗೆ ಹೋಗಿ ನಿಮ್ಮ ಊರಿನ ಅತ್ಯಂತ ಹಿರಿಯ ಕೂಲಿಯಾಳನ್ನೋ, ಬೀಡಿ ಕಟ್ಟುವ ಅಜ್ಜಿಯನ್ನೋ ಹುಡುಕಿ. ಎರಡು ಮಾತು ಕೇಳಿ: ಯಾವ ವರ್ಷ ಮೊದಲ ಸಲ ಬೇರೆಯವರ ಮನೆಯ ಜಗಲಿ ಹತ್ತಿ ಕೂತಿರಿ, ಯಾವ ಆಟಿಯಲ್ಲಿ ಕೊನೆಯ ಸಲ ಹಸಿದು ಮಲಗಿದಿರಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ದಿನಾಂಕ ಹಾಕಿ, ಈ ಕಾಲೇಜಿನ ಗ್ರಂಥಾಲಯಕ್ಕೆ ತಂದುಕೊಡಿ. ನಮ್ಮ ಮನೆಯ ಗೆರಟೆಯವರನ್ನು ನಾನು ಕೇಳಲಿಲ್ಲ. ಅವರು ತೀರಿಕೊಂಡು ಮೂವತ್ತು ವರ್ಷವಾಯಿತು.